ಫ್ಯಾನ್ ಗಾಳಿ ಸಾಲದು: ರಾಯಚೂರು, ಬಳ್ಳಾರಿ, ಕೊಪ್ಪಳದ ಬಿಸಿಲಲ್ಲಿ ನಾಯಿ, ಬೆಕ್ಕು, ಹಕ್ಕಿಗಳನ್ನು ಕಾಯುವ ಬಗೆ

"ಫ್ಯಾನ್ ಹಚ್ಚೀವ್ರಿ, ಆದ್ರೂ ನಾಯಿ ತೇಕೋದು ಬಿಡವಲ್ದು. ಏನ್ ಮಾಡಬೇಕು?" ಮಾರ್ಚ್ ಮುಗಿಯುವ ಹೊತ್ತಿಗೆ ಈ ಮೂರು ಜಿಲ್ಲೆಗಳ ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇದೇ ಧಾಟಿಯವು. ಉತ್ತರ ನಾಯಿಯ ಮೈಯ ರಚನೆಯಲ್ಲೇ ಇದೆ.

ನಾವು ಮೈಯೆಲ್ಲ ಬೆವರುತ್ತೇವೆ. ಬೆವರು ಆರುವಾಗ ಮೈಯ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. ಫ್ಯಾನ್ ಆ ಆರುವ ಕೆಲಸವನ್ನು ಚುರುಕು ಮಾಡುತ್ತದೆ, ಅಷ್ಟೇ. ನಾಯಿ ಬೆವರುವುದು ಹೆಚ್ಚುಕಡಿಮೆ ಅಂಗಾಲಿನಲ್ಲಿ ಮಾತ್ರ. ಉಳಿದ ಬಿಸಿಯನ್ನೆಲ್ಲ ಅದು ನಾಲಿಗೆ, ಬಾಯಿ, ಮೂಗಿನ ತೇವ ಆರಿಸಿಕೊಂಡು, ಅಂದರೆ ತೇಕಿ, ಹೊರಹಾಕಬೇಕು. ಒಣ ಮೈಮೇಲೆ ಫ್ಯಾನ್ ಬಿಟ್ಟರೆ ಆರಲು ಅಲ್ಲಿ ಏನೂ ಇರುವುದಿಲ್ಲ. ಇನ್ನೊಂದು ಲೆಕ್ಕವೂ ಇದೆ. ನಾಯಿಯ ಸಹಜ ಮೈಶಾಖ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ (101ರಿಂದ 102.5 ಫ್ಯಾರನ್‌ಹೀಟ್). ಮೇ ತಿಂಗಳ ಮಧ್ಯಾಹ್ನ ಹೊರಗೆ 42 ಡಿಗ್ರಿ ಇದ್ದಾಗ ತಗಡಿನ ಕೋಣೆಯ ಫ್ಯಾನ್ ಬೀಸುವುದು ನಾಯಿಯ ಮೈಗಿಂತ ಬಿಸಿಯಾದ ಗಾಳಿಯನ್ನು. ಅದರಿಂದ ಮೈ ತಣ್ಣಗಾಗುವುದಿಲ್ಲ, ಕಾಯುತ್ತದೆ.

ಹಾಗಾಗಿ ಬೇಕಾದದ್ದು ಒದ್ದೆ ಮತ್ತು ಗಾಳಿ, ಎರಡೂ ಒಟ್ಟಿಗೆ. ನಮ್ಮ ಸೀಮೆಯದು ಒಣ ಬಿಸಿಲು, ನೀರು ಬೇಗ ಆರುತ್ತದೆ. ಮಂಗಳೂರಿನ ಸೆಕೆಯಲ್ಲಿ ಇರುವವರಿಗೆ ಈ ಅನುಕೂಲ ಇಲ್ಲ.

ಎಲ್ಲ ಪ್ರಾಣಿಗಳಿಗೂ ಅಪಾಯ ಒಂದೇ ಸಮ ಅಲ್ಲ. ಪಗ್, ಶಿಟ್ಜು, ಬುಲ್‌ಡಾಗ್, ಪರ್ಷಿಯನ್ ಬೆಕ್ಕಿನಂಥ ಚಪ್ಪಟೆ ಮೂಗಿನವಕ್ಕೆ ತೇಕುವ ದಾರಿಯೇ ಇಕ್ಕಟ್ಟು. ಅವನ್ನು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಿ. ಮುದಿ ನಾಯಿ, ಬೊಜ್ಜು ಬಂದದ್ದು, ಹೃದಯದ ತೊಂದರೆ ಇರುವುದು, ಮರಿಗಳು ನಂತರದ ಸಾಲಿನಲ್ಲಿವೆ. ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ಏಪ್ರಿಲ್‌ನಲ್ಲಿ ಕರೆತಂದ ನಾಯಿಯನ್ನು ಈ ಪಟ್ಟಿಗೆ ಸೇರಿಸಲು ಜನ ಮರೆಯುತ್ತಾರೆ. ಹೊಸ ಬಿಸಿಲಿಗೆ ಮೈ ಒಗ್ಗಲು ವಾರಗಳೇ ಬೇಕು. ಬಂದ ಮರುದಿನವೇ ಊರು ಸುತ್ತಿಸಬೇಡಿ.

ಮೊದಲೇ ಜೋಡಿಸಿಟ್ಟುಕೊಳ್ಳಿ

ಒಂದು ಡಿಜಿಟಲ್ ಥರ್ಮಾಮೀಟರ್ (ಔಷಧಿ ಅಂಗಡಿಯಲ್ಲಿ ಸಿಗುವ ಮನುಷ್ಯರದೇ ಸಾಕು, ಆದರೆ ಅದನ್ನು ಪ್ರಾಣಿಗೇ ಮೀಸಲಿಡಿ), ಕೊಬ್ಬರಿ ಎಣ್ಣೆ, ಅಗಲ ಬಾಯಿಯ ಎರಡು ಮಣ್ಣಿನ ಪಾತ್ರೆ, ಎರಡು ಗೋಣಿ ಚೀಲ, ಗಿಡಕ್ಕೆ ನೀರು ಸಿಂಪಡಿಸುವ ಸ್ಪ್ರೇ ಬಾಟಲಿ. ಇವುಗಳ ಜೊತೆಗೆ 20 ಲೀಟರಿನ ಒಂದು ಕ್ಯಾನ್ ನೀರು ಮನೆಯೊಳಗೆ ನೆರಳಿನಲ್ಲಿ ಸದಾ ತುಂಬಿರಲಿ. ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುವ ಓಣಿಗಳಲ್ಲಿ ಇದು ಭಾರ ಎನಿಸಬಹುದು, ಆದರೂ ಬಿಡಬೇಡಿ. ಮಹಡಿ ಮೇಲಿನ ಕಪ್ಪು ಸಿಂಟೆಕ್ಸ್ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುವಷ್ಟು ಕಾದಿರುತ್ತದೆ. ಬೇಕೇ ಬೇಕಾದ ಹೊತ್ತಿಗೆ ನಲ್ಲಿ ತಿರುಗಿಸಿದರೆ ಬರುವುದು ಆ ನೀರು.

1. ಜಾಗ: ನೆರಳು ಸರಿಯುತ್ತದೆ

ಬೆಳಿಗ್ಗೆ ಒಂಬತ್ತಕ್ಕೆ ಗೋಡೆಯ ನೆರಳಿನಲ್ಲಿ ಕಟ್ಟಿದ ನಾಯಿ ಮಧ್ಯಾಹ್ನ ಎರಡಕ್ಕೆ ಬಿಸಿಲಲ್ಲಿ ನಿಂತಿರುತ್ತದೆ. ಕಟ್ಟಿದವರು ಅಷ್ಟೊತ್ತಿಗೆ ಕೆಲಸಕ್ಕೆ ಹೋಗಿರುತ್ತಾರೆ. ಒಂದು ರಜೆಯ ದಿನ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಹೊರಗೆ ಬಂದು ನೆರಳು ಎಲ್ಲಿ ಬೀಳುತ್ತದೆ ಎಂದು ನೋಡಿ, ಅದರ ಪ್ರಕಾರ ಜಾಗ ಗೊತ್ತುಮಾಡಿ. ಪಶ್ಚಿಮದ ಗೋಡೆ ಬೇಡವೇ ಬೇಡ. ಇಳಿಹೊತ್ತಿನ ಬಿಸಿಲು ಕುಡಿದ ಕಲ್ಲಿನ ಗೋಡೆ ರಾತ್ರಿ ಹತ್ತರವರೆಗೂ ಝಳ ಬಿಡುತ್ತಿರುತ್ತದೆ.

ಹಗಲು ಹನ್ನೊಂದರಿಂದ ಸಂಜೆ ಐದರವರೆಗೆ ನಾಯಿ ಮನೆಯೊಳಗೇ ಇರಲಿ, ಅದೂ ನೆಲಮಹಡಿಯಲ್ಲಿ. ಶಹಾಬಾದ್ ಕಲ್ಲು ಹಾಸಿದ ನಡುಮನೆ ಎಲ್ಲಕ್ಕಿಂತ ಒಳ್ಳೆಯದು. ಅಲ್ಲಿ ಹಾಸಿಗೆ, ಚಾಪೆ ತೆಗೆದುಬಿಡಿ, ಹೊಟ್ಟೆ ನೇರ ಕಲ್ಲಿಗೆ ತಾಗಲಿ.

ತಗಡಿನ ಶೆಡ್ ಬಿಟ್ಟರೆ ಬೇರೆ ಜಾಗವೇ ಇಲ್ಲ ಎನ್ನುವವರು ತಗಡಿನ ಮೇಲೆ ಅರ್ಧ ಅಡಿ ದಪ್ಪ ಭತ್ತದ ಹುಲ್ಲು ಹಾಸಿ ಬೆಳಿಗ್ಗೆ, ಮಧ್ಯಾಹ್ನ ನೀರು ಚಿಮುಕಿಸಿ. ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಹುಲ್ಲಿಗೆ ಬರವಿಲ್ಲ. ಹುಲ್ಲು ಒಣಗಿದ್ದರೆ ಬೆಂಕಿಯ ಭಯ ಇರುತ್ತದೆ, ಆದ್ದರಿಂದ ವಿದ್ಯುತ್ ತಂತಿ ಹಾದುಹೋಗುವ ಕಡೆ ಹುಲ್ಲು ಬೇಡ. ತಗಡಿಗೆ ಎರಡು ಕೋಟ್ ಸುಣ್ಣ ಬಳಿದರೂ ಬಿಸಿ ತಗ್ಗುತ್ತದೆ. ಹಸಿರು ನೆರಳು ಬಲೆ ಕಟ್ಟುವವರು ತಗಡಿಗೆ ಅಂಟಿಸಿ ಕಟ್ಟದೆ ಒಂದಡಿ ಮೇಲಕ್ಕೆ ಕಟ್ಟಿ. ನಡುವೆ ಗಾಳಿ ಆಡದಿದ್ದರೆ ಬಲೆಯ ಬಿಸಿಯೂ ತಗಡಿಗೇ ಇಳಿಯುತ್ತದೆ.

ಕಬ್ಬಿಣದ ಸರಪಳಿ ಬಿಸಿಲಲ್ಲಿ ಕಾದು ಕುತ್ತಿಗೆ ಸುಡುತ್ತದೆ. ಬಟ್ಟೆಯ ಪಟ್ಟಿ ಹಾಕಿ. ಬಾಯಿ ಮುಚ್ಚುವ ಬಟ್ಟೆಯ ಮೂತಿಪಟ್ಟಿಯನ್ನು ಬೇಸಿಗೆಯಲ್ಲಿ ಎತ್ತಿಡಿ, ಬಾಯಿ ತೆರೆಯದ ನಾಯಿ ತೇಕಲಾರದು. ಬೇಕೇ ಬೇಕೆಂದರೆ ಬುಟ್ಟಿಯಂಥ ಜಾಲಿಯ ಮೂತಿಪಟ್ಟಿ ತನ್ನಿ.

2. ನೀರು

ನಾಯಿಗೆ ಸಾಧಾರಣ ದಿನದಲ್ಲಿ ಪ್ರತಿ ಕಿಲೋ ತೂಕಕ್ಕೆ 50ರಿಂದ 60 ಮಿಲಿಲೀಟರ್ ನೀರು ಬೇಕು. ಅಂದರೆ 20 ಕಿಲೋ ನಾಯಿಗೆ ಒಂದು ಲೀಟರಿನ ಮೇಲೆ. ಬೇಸಿಗೆಯಲ್ಲಿ ಇದು ಒಂದೂವರೆ ಪಟ್ಟು, ಎರಡು ಪಟ್ಟು ಆಗುತ್ತದೆ. ನೀರು ಎರಡು ಕಡೆ ಇಡಿ. ಒಂದು ಉರುಳಿ ಚೆಲ್ಲಿದರೂ ಇನ್ನೊಂದು ಇರುತ್ತದೆ. ಸ್ಟೀಲ್ ಬಟ್ಟಲು ಬೇಗ ಕಾಯುತ್ತದೆ. ಹೊಳಪು ಬಳಿಯದ ಮಣ್ಣಿನ ಪಾತ್ರೆಯ ಮೈ ಜಿನುಗಿ ಆರುವುದರಿಂದ ಒಳಗಿನ ನೀರು ತಣ್ಣಗಿರುತ್ತದೆ. ಪಾತ್ರೆಯನ್ನು ಗಾಳಿ ಆಡುವ ನೆರಳಿನಲ್ಲಿ, ಒದ್ದೆ ಮರಳಿನ ಮೇಲೆ ಕೂರಿಸಿ. ದಿನಕ್ಕೆ ಎರಡು ಬಾರಿಯಾದರೂ ಚೆಲ್ಲಿ, ತಿಕ್ಕಿ, ಹೊಸದು ತುಂಬಿ. ಬೀದಿ ನಾಯಿ, ಹಸುಗಳಿಗೆ ಬಾಗಿಲ ಮುಂದೆ ಕಲ್ಲಿನ ದೋಣಿ ಇಡುವವರು ವಾರಕ್ಕೆ ಎರಡು ಸಲ ಪೂರ್ತಿ ಬರಿದು ಮಾಡಿ ಗೋಡೆ ತಿಕ್ಕದಿದ್ದರೆ ಅಲ್ಲಿ ಡೆಂಗಿ ಸೊಳ್ಳೆಯ ಮರಿ ಬೆಳೆಯುತ್ತವೆ.

ನಾಯಿ ನೀರು ಕುಡಿದಿದೆಯೇ ಎಂದು ನೋಡಲು ಒಸಡು ಮುಟ್ಟಿ. ಜಾರುವಂತೆ ತೇವ ಇದ್ದರೆ ಸರಿ, ಬೆರಳಿಗೆ ಅಂಟಿದರೆ ನೀರು ಸಾಲದು. ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟಾಗ ತಟ್ಟನೆ ಕೂರಬೇಕು.

3. ಒದ್ದೆ ಮತ್ತು ಗಾಳಿ: ಕೂಲರ್ ಬಳಸುವ ಕ್ರಮ

ಏರ್ ಕೂಲರ್ ನಮ್ಮ ಸೀಮೆಗೆ ಹೇಳಿ ಮಾಡಿಸಿದಂತಿದೆ. ಆದರೆ ಅದನ್ನು ಬಳಸುವುದರಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. "ತಂಪು ಹೊರಗೆ ಹೋಗ್ತದ" ಎಂದು ಕಿಟಕಿ ಬಾಗಿಲು ಬಿಗಿದು ಕೂಲರ್ ಹಚ್ಚಿದರೆ ಅರ್ಧ ಗಂಟೆಯಲ್ಲಿ ಕೋಣೆಯ ಗಾಳಿ ತೇವದಿಂದ ತುಂಬುತ್ತದೆ. ತೇವ ತುಂಬಿದ ಗಾಳಿಯಲ್ಲಿ ನಾಲಿಗೆಯ ನೀರು ಆರದು, ನಾಯಿ ಎಷ್ಟು ತೇಕಿದರೂ ಬಿಸಿ ಹೊರಬೀಳದು. ಕೂಲರನ್ನು ಒಂದು ಕಿಟಕಿಯಲ್ಲಿ, ಬೆನ್ನು ಹೊರಗಿರುವಂತೆ ಇಟ್ಟು ಎದುರು ಗೋಡೆಯ ಕಿಟಕಿಯನ್ನು ಒಂದು ಗೇಣು ತೆರೆದಿಡಿ. ಟ್ಯಾಂಕಿನ ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಿ.

ಕೂಲರ್ ಇಲ್ಲದವರು ಗಾಳಿ ಬರುವ ಕಿಟಕಿಗೆ ನೆನೆಸಿದ ಗೋಣಿ ಚೀಲ ನೇತುಹಾಕಿ. ನಾಯಿಯ ಹೊಟ್ಟೆ, ತೊಡೆ ಸಂದಿ, ಕಂಕುಳು, ಅಂಗಾಲುಗಳಿಗೆ ಸ್ಪ್ರೇ ಬಾಟಲಿಯಿಂದ ನೀರು ಹೊಡೆದು ಆಮೇಲೆ ಫ್ಯಾನ್ ಹಚ್ಚಿ. ಹನ್ನೆರಡರಿಂದ ನಾಲ್ಕರವರೆಗೆ ಗಂಟೆಗೊಮ್ಮೆ ಹೀಗೆ ಮಾಡಿದರೆ ಸಾಕು. ಬೆನ್ನ ಮೇಲೆ ಮಾತ್ರ ನೀರು ಸುರಿದರೆ ದಟ್ಟ ಕೂದಲಿನ ನಾಯಿಯಲ್ಲಿ ಅದು ಚರ್ಮಕ್ಕೆ ಇಳಿಯುವುದೇ ಇಲ್ಲ.

ಮೇ ಕೊನೆಯಲ್ಲಿ, ರೋಹಿಣಿ ಮಳೆಗೆ ಮುಂಚೆ ಮೋಡ ಕವಿದು ಕುದಿಯುವ ದಿನಗಳಲ್ಲಿ ಹುಷಾರಾಗಿರಿ. ಉಷ್ಣಾಂಶ 38ಕ್ಕೆ ಇಳಿದಿದೆ ಎಂದು ಜನ ನಿರಾಳವಾಗುತ್ತಾರೆ, ಆದರೆ ಗಾಳಿಯಲ್ಲಿ ತೇವ ಏರಿರುತ್ತದೆ. ಕೂಲರ್ ಕೆಲಸ ಮಾಡುವುದಿಲ್ಲ, ತೇಕಿದರೂ ಫಲವಿಲ್ಲ. ಆ ದಿನಗಳಲ್ಲಿ ಕೂಲರಿನ ನೀರಿನ ಪಂಪ್ ಆರಿಸಿ ಬರೀ ಗಾಳಿ ಬಿಡಿ, ನಾಯಿಯ ಮೈ ಒದ್ದೆ ಮಾಡಿ, ಓಡಾಟ ಪೂರ್ತಿ ನಿಲ್ಲಿಸಿ. ಏಸಿ ಇರುವವರು ಅದನ್ನು 26–27ರಲ್ಲಿ ಇಟ್ಟರೆ ಸಾಕು.

4. ಹೊರಗೆ ಕರೆದೊಯ್ಯುವುದು

ಬೆಳಿಗ್ಗೆ ಆರೂವರೆಯೊಳಗೆ ಮುಗಿಸಿ, ರಾತ್ರಿ ಎಂಟೂವರೆಯ ನಂತರ ಹೊರಡಿ. ಸಂಜೆ ಆರಕ್ಕೆ ಸೂರ್ಯ ಇಳಿದಂತೆ ಕಂಡರೂ ಡಾಂಬರು ಆರಿರುವುದಿಲ್ಲ. ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳರವರೆಗೆ ನಿಧಾನ ಎಣಿಸಿ. ಅಷ್ಟು ಹೊತ್ತು ಇಡಲಾಗದಿದ್ದರೆ ನಾಯಿಯ ಅಂಗಾಲು ಸುಡುತ್ತದೆ. ಕಡಪ ಕಲ್ಲಿನ ಕಟ್ಟೆ, ಸಿಮೆಂಟ್ ರಸ್ತೆ, ಬಂಡೆಯ ದಾರಿಗೂ ಇದೇ ಪರೀಕ್ಷೆ. ಮಣ್ಣಿನ ಕಾಲುದಾರಿ ಬೇಗ ಆರುತ್ತದೆ.

ಮುಧೋಳ ನಾಯಿ ಬಿಸಿಲಿಗೆ ಗಟ್ಟಿ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ತೆಳು ಮೈ, ಗಿಡ್ಡ ಕೂದಲು ಅದಕ್ಕೆ ಅನುಕೂಲ, ಸರಿ. ಆದರೆ ಅದು ಓಡುವ ತಳಿ. ಓಡುವಾಗ ಸ್ನಾಯುಗಳೇ ಬಿಸಿ ಹುಟ್ಟಿಸುತ್ತವೆ, ಆ ಬಿಸಿ ಹೊರಗಿನ ಬಿಸಿಲಿಗೆ ಕೂಡುತ್ತದೆ. ಬೈಕಿನ ಪಕ್ಕ ಓಡಿಸುವ ಚಟ ಇರುವವರು ಮಾರ್ಚ್‌ನಿಂದ ಜೂನ್‌ವರೆಗೆ ಅದನ್ನು ಬಿಡಬೇಕು. ಚೆಂಡು ತರುವ ಆಟದಲ್ಲೂ ಇದೇ ಕಥೆ, ಲ್ಯಾಬ್ರಡಾರ್ ತಾನಾಗಿ ನಿಲ್ಲಿಸುವುದಿಲ್ಲ.

5. ಊಟ

ಉಣ್ಣಿಸುವ ಹೊತ್ತು ಬೆಳಿಗ್ಗೆ ಏಳರೊಳಗೆ, ರಾತ್ರಿ ಎಂಟರ ಮೇಲೆ. ಬಟ್ಟಲಲ್ಲಿ ಬಿಟ್ಟ ಅನ್ನ, ಹಾಲಲ್ಲಿ ನೆನೆಸಿದ ರೊಟ್ಟಿ ಈ ಬಿಸಿಲಿಗೆ ಬೇಗ ಹಳಸುತ್ತವೆ. ಅರ್ಧ ಗಂಟೆಯಲ್ಲಿ ತಿನ್ನದಿದ್ದರೆ ತೆಗೆದುಬಿಡಿ. ಹಸಿವು ತುಸು ಕಡಿಮೆಯಾಗುವುದು ಬೇಸಿಗೆಯಲ್ಲಿ ಸಹಜ. ನೀರಾದ ಮಜ್ಜಿಗೆ ಒಗ್ಗುವ ನಾಯಿಗೆ ಉಪ್ಪು ಹಾಕದೆ ಒಂದು ಲೋಟ ಕೊಡಬಹುದು, ಬೀಜ ತೆಗೆದ ಕಲ್ಲಂಗಡಿಯ ನಾಲ್ಕು ತುಂಡೂ ಆಗುತ್ತದೆ.

ಎರಡು ವಸ್ತುಗಳನ್ನು ದೂರ ಇಡಿ. ಒಂದು ಉಳ್ಳಾಗಡ್ಡಿ. ಬಿಸಿಲು ಬಡಿದರೆ ಉಳ್ಳಾಗಡ್ಡಿ ತಂಪು ಎಂದು ನಾವು ಮಜ್ಜಿಗೆಗೆ ಹೆಚ್ಚಿ ಹಾಕಿಕೊಳ್ಳುತ್ತೇವೆ; ಅದೇ ಮಜ್ಜಿಗೆ ನಾಯಿಗೂ ಬೆಕ್ಕಿಗೂ ಹೋಗುತ್ತದೆ. ಹಸಿಯಾಗಲಿ ಬೇಯಿಸಿದ್ದಾಗಲಿ, ಉಳ್ಳಾಗಡ್ಡಿ ಮತ್ತು ಬೆಳ್ಳುಳ್ಳಿ ಅವುಗಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಇನ್ನೊಂದು ಮಾವಿನ ವಾಟೆ. ಚೀಪಿ ಎಸೆದ ವಾಟೆಯನ್ನು ನುಂಗಿದ ನಾಯಿಗೆ ಅದು ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ, ಹೊಟ್ಟೆ ಕೊಯ್ದೇ ತೆಗೆಯಬೇಕಾಗಬಹುದು. ಹಣ್ಣಿನ ಕಾಲದಲ್ಲಿ ಕಸದ ಬುಟ್ಟಿಗೆ ಮುಚ್ಚಳ ಇರಲಿ.

6. ಕೂದಲು, ಉಣುಗು

ಪೊಮೇರಿಯನ್, ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ಗಳದ್ದು ಡಬಲ್ ಕೋಟ್, ಅಂದರೆ ಮೇಲೆ ಒರಟು ಕೂದಲು, ಒಳಗೆ ಹತ್ತಿಯಂಥ ಮೆತ್ತನೆ ಪದರ. ಇವನ್ನು ನುಣ್ಣಗೆ ಬೋಳಿಸಬೇಡಿ. ಮೇಲಿನ ಕೂದಲು ನೇರ ಬಿಸಿಲನ್ನು ತಡೆಯುತ್ತದೆ, ಬೋಳಿಸಿದರೆ ಚರ್ಮ ಸುಡುತ್ತದೆ, ಕೂದಲು ಮತ್ತೆ ಸರಿಯಾಗಿ ಬರದೆಯೂ ಹೋಗಬಹುದು. ಒಳಪದರದ ಉದುರು ಕೂದಲನ್ನು ವಾರಕ್ಕೆ ಮೂರು ಸಲ ಬಾಚಿ ತೆಗೆಯಿರಿ, ಗಂಟು ಬಿಡಿಸಿ. ಹೊಟ್ಟೆಯ ಕೂದಲನ್ನು ಕತ್ತರಿಯಿಂದ ಗಿಡ್ಡ ಮಾಡಬಹುದು.

ಬೇಸಿಗೆಯಲ್ಲಿ ಉಣುಗು ಏರುತ್ತವೆ. ಅವು ಹರಡುವ ಟಿಕ್ ಫೀವರ್, ಅಂದರೆ ಉಣುಗು ಜ್ವರ, ಬಂದ ನಾಯಿಯನ್ನು ಬಿಸಿಲು ಬಡಿದಿದೆ ಎಂದು ಮನೆಯಲ್ಲೇ ಇಟ್ಟುಕೊಳ್ಳುವವರಿದ್ದಾರೆ. ತಂಪು ಜಾಗದಲ್ಲಿ ಮಲಗಿದ್ದರೂ ಮೈ ಬಿಸಿ ಇಳಿಯದೆ, ಊಟ ಬಿಟ್ಟು, ಒಸಡು ಬಿಳಿಚಿದ್ದರೆ ರಕ್ತಪರೀಕ್ಷೆ ಮಾಡಿಸಿ. ಪರ್ಮೆಥ್ರಿನ್ ಇರುವ ನಾಯಿಯ ಉಣುಗು ಔಷಧಿಯನ್ನು ಬೆಕ್ಕಿಗೆ ಹಚ್ಚಿದರೆ ಬೆಕ್ಕು ಸಾಯುತ್ತದೆ. ಡಬ್ಬಿಯ ಮೇಲಿನ ಅಕ್ಷರ ಓದದೆ ಹಚ್ಚಬೇಡಿ.

7. ಬೆಕ್ಕು, ಹಕ್ಕಿ, ಮೊಲ, ಮೀನು

ಬೆಕ್ಕು ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ. ತೊಂದರೆ ಆಗುವುದು ಅದು ಅಟ್ಟ, ಅಲ್ಮಾರು, ಶೆಡ್ ಒಳಗೆ ನುಸುಳಿದ್ದು ಗೊತ್ತಾಗದೆ ಬಾಗಿಲು ಹಾಕಿದಾಗ. ಬೀಗ ಹಾಕುವ ಮುಂಚೆ ಬೆಕ್ಕು ಎಲ್ಲಿದೆ ಎಂದು ನೋಡಿ. ನಾಯಿ ತೇಕುವುದು ಸಹಜ, ಬೆಕ್ಕು ಬಾಯಿ ತೆರೆದು ತೇಕುವುದು ಸಹಜವಲ್ಲ. ಕಂಡ ಕೂಡಲೇ ಮೈ ಒದ್ದೆ ಮಾಡಿ ಆಸ್ಪತ್ರೆಗೆ ಹೊರಡಿ.

ಲವ್ ಬರ್ಡ್ಸ್ ಎಂದು ಮಾರುವ ಬಜರಿಗರ್, ಪಾರಿವಾಳಗಳು ಕೊಕ್ಕು ತೆರೆದು ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದಿದ್ದರೆ ಬಿಸಿ ತಡೆಯುತ್ತಿಲ್ಲ ಎಂದರ್ಥ. ಪಂಜರವನ್ನು ಮಹಡಿಯ ಮೇಲಿಂದ ಇಳಿಸಿ, ಮೇಲೆ ಅರ್ಧಕ್ಕೆ ಮಾತ್ರ ಒದ್ದೆ ಬಟ್ಟೆ ಹೊದಿಸಿ, ಮೀಯಲು ಅಗಲ ತಟ್ಟೆಯಲ್ಲಿ ಒಂದು ಇಂಚು ನೀರಿಡಿ. ಕೂಲರಿನ ಗಾಳಿ ನೇರ ತಾಗಬಾರದು. (ನಮ್ಮ ಹಸಿರು ಗಿಳಿಯನ್ನು ಸಾಕುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.)

ಮೊಲಕ್ಕೆ 30 ಡಿಗ್ರಿ ದಾಟಿದರೇ ಕಷ್ಟ. ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಡಿ, ಕಿವಿಗಳ ಹೊರಮೈಯನ್ನು ಒದ್ದೆ ಬೆರಳಿಂದ ಸವರಿ. ಮೀನಿನ ತೊಟ್ಟಿಯಲ್ಲಿ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಮೀನು ಮೇಲೆ ಬಂದು ಬಾಯಾಡಿಸುತ್ತಿದ್ದರೆ ಕಾರಣ ಅದೇ. ಗಾಳಿ ಪಂಪ್ ಜೋರು ಮಾಡಿ, ತಿನಿಸು ಅರ್ಧ ಮಾಡಿ, ಕರೆಂಟ್ ಹೋಗುವ ಕಡೆ ಬ್ಯಾಟರಿ ಪಂಪ್ ಇಟ್ಟುಕೊಳ್ಳಿ. ಐಸ್ ನೇರ ಹಾಕಿದರೆ ಉಷ್ಣಾಂಶ ಒಮ್ಮೆಗೇ ಕುಸಿದು ಮೀನು ಸಾಯುತ್ತವೆ.

8. ಪ್ರಯಾಣ

ನಿಲ್ಲಿಸಿದ ಕಾರಿನಲ್ಲಿ ಪ್ರಾಣಿಯನ್ನು ಬಿಡಬೇಡಿ, ಐದು ನಿಮಿಷವೂ. ಮುಚ್ಚಿದ ಕಾರಿನ ಒಳಗೆ ಹತ್ತು ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಏರಬಹುದು. ಹೊರಗೆ 40 ಇದ್ದರೆ ಒಳಗೆ 50. ಗಾಜನ್ನು ಎರಡು ಬೆರಳಿನಷ್ಟು ಇಳಿಸಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ.

9. ಬಿಸಿಲು ಬಡಿದರೆ: ಮೊದಲು ತಣಿಸಿ, ಆಮೇಲೆ ಸಾಗಿಸಿ

ಹೀಟ್ ಸ್ಟ್ರೋಕ್ ಎಂದರೆ ಮೈ ತನ್ನ ಬಿಸಿಯನ್ನು ಹೊರಹಾಕಲಾಗದೆ ಒಳಗಿನ ಅಂಗಗಳೇ ಬೇಯತೊಡಗುವ ಸ್ಥಿತಿ. ಮೈಶಾಖ 40.5 ಡಿಗ್ರಿ (105 ಫ್ಯಾರನ್‌ಹೀಟ್) ದಾಟಿದರೆ ಅಪಾಯ ಎಂದೇ ತಿಳಿಯಿರಿ. ಮೊದಲು ನಾಲಿಗೆ ಉದ್ದಕ್ಕೆ ಜೋತು ತುದಿ ಅಗಲವಾಗುತ್ತದೆ, ಜೊಲ್ಲು ಅಂಟಂಟಾಗಿ ಎಳೆಯಾಗುತ್ತದೆ, ಕರೆದರೂ ಲಕ್ಷ್ಯವಿಲ್ಲ. ನಂತರ ಒಸಡು ಇಟ್ಟಿಗೆ ಕೆಂಪು, ನಡಿಗೆ ತೂರಾಟ, ವಾಂತಿ, ಕೆಲವೊಮ್ಮೆ ರಕ್ತ ಬೆರೆತ ಭೇದಿ. ಕೊನೆಗೆ ಒಸಡು ಬಿಳಿಚಿ ಅಥವಾ ನೀಲಿಗಟ್ಟಿ, ಸೆಳೆತ ಬಂದು ಕುಸಿಯುತ್ತದೆ. ತೂರಾಟ ಕಂಡರೆ ಕಾಯಬೇಡಿ.

ಕ್ರಮ ಹೀಗೆ:

1) ನೆರಳಿಗೆ ಎಳೆದು ತನ್ನಿ, ಪಟ್ಟಿ ಬಿಚ್ಚಿ. ಇನ್ನೊಬ್ಬರು ವೈದ್ಯರಿಗೆ ಫೋನ್ ಮಾಡಲಿ.

2) ಮೀಸಲಿಟ್ಟ ಕ್ಯಾನಿನ ನೀರನ್ನು ಕುತ್ತಿಗೆ, ಎದೆ, ಹೊಟ್ಟೆ, ತೊಡೆ ಸಂದಿಗೆ ಸುರಿಯುತ್ತ, ಕೂದಲನ್ನು ಎದುರು ದಿಕ್ಕಿಗೆ ಉಜ್ಜಿ ಚರ್ಮ ನೆನೆಸಿ. ಮುಖಕ್ಕೆ ರಭಸವಾಗಿ ಹಾಕಬೇಡಿ. ಪ್ರಾಯದ, ಆರೋಗ್ಯವಂತ ನಾಯಿಯನ್ನು ತಲೆ ಮೇಲೆತ್ತಿ ಹಿಡಿದು ಟಬ್ಬಿನ ನೀರಲ್ಲಿ ಕುತ್ತಿಗೆವರೆಗೆ ಇಳಿಸಬಹುದು. ಮುದಿ ಮತ್ತು ರೋಗದ ನಾಯಿಗೆ ಸುರಿಯುವುದೇ ಸರಿ.

3) ಜೊತೆಗೇ ಫ್ಯಾನ್ ಹಚ್ಚಿ. ಕರೆಂಟ್ ಇಲ್ಲದಿದ್ದರೆ ಮೊರದಿಂದ ಬೀಸಿ.

4) ಥರ್ಮಾಮೀಟರಿನ ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದ್ವಾರದಲ್ಲಿ ಒಂದು ಇಂಚಿನಷ್ಟು ಇಟ್ಟು ನೋಡಿ. ಐದು ನಿಮಿಷಕ್ಕೊಮ್ಮೆ ನೋಡುತ್ತಿರಿ. 39.5 ಡಿಗ್ರಿಗೆ (103 ಫ್ಯಾರನ್‌ಹೀಟ್) ಇಳಿದೊಡನೆ ನೀರು ನಿಲ್ಲಿಸಿ, ಇಲ್ಲದಿದ್ದರೆ ಶಾಖ ಬೇಕಾದ್ದಕ್ಕಿಂತ ಕೆಳಗೆ ಜಾರುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಹತ್ತು ನಿಮಿಷ ತಣಿಸಿ ಹೊರಡಿ.

5) ತಾನಾಗಿ ತಲೆ ಎತ್ತಿ ಕುಡಿದರೆ ಗುಟುಕು ಗುಟುಕಾಗಿ ನೀರು ಕೊಡಿ. ಎಚ್ಚರ ಇಲ್ಲದ ನಾಯಿಯ ಬಾಯಿಗೆ ಗ್ಲೂಕೋಸ್ ನೀರು ಸುರಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ.

6) ಒದ್ದೆ ಮೈಯಲ್ಲೇ, ಕಿಟಕಿ ತೆರೆದ ಅಥವಾ ಏಸಿ ಹಾಕಿದ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ಯಿರಿ.

ಒದ್ದೆ ಟವೆಲ್ ಸುತ್ತಿ ಮಲಗಿಸಬೇಡಿ. ಎರಡೇ ನಿಮಿಷದಲ್ಲಿ ಟವೆಲ್ ಬೆಚ್ಚಗಾಗಿ ಕಂಬಳಿಯ ಕೆಲಸ ಮಾಡುತ್ತದೆ. ತಣ್ಣೀರು ಹಾಕಿದರೆ ಶಾಕ್ ಆಗುತ್ತದೆ ಎಂಬ ಹಳೆಯ ಹೆದರಿಕೆಯನ್ನು ಈಗಿನ ಪಶುವೈದ್ಯ ಸಲಹೆ ಒಪ್ಪುವುದಿಲ್ಲ. ನಾಯಿಯ ಮೈಗಿಂತ ತಣ್ಣಗಿರುವ ಯಾವ ನೀರಾದರೂ ಸರಿ, ಐಸ್ ಹುಡುಕುತ್ತ ಹೊತ್ತು ಕಳೆಯಬೇಡಿ. ಪ್ಯಾರಾಸಿಟಮಾಲ್ ಕೊಡಲೇಬೇಡಿ. ಇದು ಜ್ವರ ಅಲ್ಲ, ಆ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ. ಬೆಕ್ಕಿಗಂತೂ ಅದು ವಿಷ.

ಎದ್ದು ಬಾಲ ಅಲ್ಲಾಡಿಸಿತು ಎಂದು ಆಸ್ಪತ್ರೆ ತಪ್ಪಿಸಬೇಡಿ. ಮೂತ್ರಪಿಂಡ, ಯಕೃತ್ತಿಗೆ ಆದ ಪೆಟ್ಟು, ರಕ್ತ ಹೆಪ್ಪುಗಟ್ಟುವುದರಲ್ಲಿ ಬರುವ ದೋಷ ಒಂದರಿಂದ ಮೂರು ದಿನಗಳಲ್ಲಿ ಹೊರಬೀಳುತ್ತವೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ಒಸಡಿನಲ್ಲಿ ಕೆಂಪು ಚುಕ್ಕೆ ಕಂಡರೆ ಆ ಕ್ಷಣವೇ ಮತ್ತೆ ತೋರಿಸಿ.

ಏಪ್ರಿಲ್, ಮೇಯಲ್ಲಿ ನಮ್ಮ ಜಿಲ್ಲೆಗಳ ಸರಕಾರಿ ಕಚೇರಿಗಳು ಸಾಮಾನ್ಯವಾಗಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ನಡೆಯುತ್ತವೆ. ಬಿಸಿಲು ಬಡಿಯುವುದು ಅದಾದ ಮೇಲೆ. ಹಾಗಾಗಿ ಮಧ್ಯಾಹ್ನ ಮೂರಕ್ಕೆ ಸಿಗುವ ವೈದ್ಯರು ಯಾರು ಎಂದು ಮಾರ್ಚ್‌ನಲ್ಲೇ ವಿಚಾರಿಸಿ, ಇಬ್ಬರ ನಂಬರು ಬರೆದಿಡಿ. ಪಶುಸಂಗೋಪನೆ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನದ ಸಹಾಯವಾಣಿ 1962. ಅದು ಮುಖ್ಯವಾಗಿ ದನಕರುಗಳಿಗಾಗಿ ಇರುವುದು, ಅದನ್ನೇ ನಂಬಿ ಕೂರಬೇಡಿ. ವೈದ್ಯರ ಮುಂದೆ ನಿಂತಾಗ ಹೇಳಬೇಕಾದದ್ದು ಇಷ್ಟು: ಎಷ್ಟು ಗಂಟೆಗೆ ಕುಸಿಯಿತು, ಮೊದಲ ಸಲ ನೋಡಿದಾಗ ಶಾಖ ಎಷ್ಟಿತ್ತು, ನೀರು ಹಾಕಿದ್ದು ಎಷ್ಟು ಹೊತ್ತು, ವಾಂತಿ ಅಥವಾ ಸೆಳೆತ ಬಂತೇ, ಮನೆಯಲ್ಲಿ ಏನಾದರೂ ಮಾತ್ರೆ ಕೊಟ್ಟಿದ್ದೀರಾ. ಕೊನೆಯದನ್ನು ಮುಚ್ಚಿಡಬೇಡಿ.